ಕುರಿ ದುಡಿದ ನಾಣ್ಯ

ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹಾನುಸ್‌ಗೆ ತನ್ನ ಕೈಯಲ್ಲಿದ್ದ ರೊಟ್ಟಿಯ ತುಂಡೇ ಸರಿಯಾಗಿ ಕಾಣುತ್ತಿರಲಿಲ್ಲ. ಕುರಿಗೆ ಮಾತ್ರ ಕಂಡಿತು. ಬೆಟ್ಟದ ಬೇಲಿಯ ಹತ್ತಿರ ಬಂದು ಅದು ರೊಟ್ಟಿಗೆ ಬಾಯಿ ಹಾಕಿದ್ದೇ ತಡ, ಅವನು ಮೊಬೈಲನ್ನು ಹಳೆಯ ಕಾಲುಚೀಲದೊಳಗೆ ತುರುಕಿ, ಅದರ ಕುತ್ತಿಗೆಗೆ ಬಿಗಿದು, ಉಣ್ಣೆ ಹರಡಿ ಮುಚ್ಚಿದ. “ಓಡು ನನ್ನವ್ವ, ಚೆನ್ನಾಗಿ ಓಡು” ಎಂದು ಬೆನ್ನು ತಟ್ಟಿ ಬಿಟ್ಟ.

ಎಲ್ಲ ಶುರುವಾದದ್ದು ಬೇಸಿಗೆಯಲ್ಲಿ, ಪಕ್ಕದ ಮನೆಯ ಮಾರ್ಯುನ್‌ಳ ಅಡುಗೆಮನೆಯಲ್ಲಿ. ಅವಳಿಗೆ ಗಂಡನಿಲ್ಲ, ಇವನಿಗೆ ಹೆಂಡತಿಯಿಲ್ಲ. “ಒಟ್ಟಿಗೆ ಇರೋಣ ಮಾರಾಯ್ತಿ” ಎಂದು ಇವನು ಕೇಳಿದಾಗಲೆಲ್ಲ ಅವಳು ಕಾಫಿ ಬಗ್ಗಿಸಿ ಮಾತು ಮರೆಸುತ್ತಿದ್ದಳು. ಅಂದು ಇವನು ಬಾಯಿ ಸುಮ್ಮನಿರಲಾರದೆ, ಒಂದು ಕ್ರೋನ ದುಡ್ಡನ್ನೂ ಖರ್ಚು ಮಾಡದೆ ಮೊಬೈಲಿನಲ್ಲೇ ಆ ಹೊಸ ಕ್ರಿಪ್ಟೊ ನಾಣ್ಯ ದುಡಿಯಬಲ್ಲೆ ಎಂದು ಜಂಬ ಕೊಚ್ಚಿದ. “ಬೆಟ್ಟದಿಂದ ಕುರಿ ಇಳಿಸಿ ಕೂಡಿಸೋ ದಿನದೊಳಗೆ ಒಂದೇ ಒಂದು ದುಡಿದು ತೋರ್ಸು. ಅವತ್ತು ಸಂಜೆ ಹಬ್ಬದ ಕುಣಿತದಲ್ಲಿ ಊರೆದುರಿಗೇ ನಿನ್ನ ಕೈ ಹಿಡೀತೀನಿ” ಎಂದಳು ಮಾರ್ಯುನ್. “ಆಗ್ಲಿಲ್ವೋ, ಒಟ್ಟಿಗೆ ಇರೋ ಮಾತು ಇನ್ಮೇಲೆ ಎತ್ತಕೂಡ್ದು.”

ಅಂದಿನಿಂದ ಹಾನುಸ್ ಪಡದ ಪಾಡಿಲ್ಲ. ಪಾಠದ ವೀಡಿಯೊ ನೋಡಿ ಪ್ರಶ್ನೆಗೆ ಉತ್ತರಿಸಿದರೆ ನಾಣ್ಯದ ಚೂರು ಸಿಗುತ್ತದೆ ಎಂದರು; ಎರಡನೇ ಪಾಠಕ್ಕೇ ಗೊರಕೆ ಬಂತು. ಜಾಹೀರಾತು ಒತ್ತಿದರೆ ಸಿಗುತ್ತದೆ ಎಂದರು. ಹೆಬ್ಬೆರಳು ಊದಿತು, ಸಿಕ್ಕಿದ್ದು ಇರುವೆಗೂ ಸಾಲದು. ಮೊಬೈಲ್ ಆಟದಲ್ಲಿ ಕೋಳಿ ಸಾಕಿ ನೋಡಿದ; ಅವನು ಮೀನು ಹಿಡಿಯಲು ಹೋದಾಗ ಕೋಳಿಗಳೆಲ್ಲ ಉಪವಾಸ ಸತ್ತವು. ಕೊನೆಗೆ ಸಿಕ್ಕಿದ್ದು ನಡೆದಷ್ಟೂ ಚೂರು ಕೊಡುವ ಆ್ಯಪ್. ಚೂರುಗಳು ಕೂಡಿ ಮುಕ್ಕಾಲು ನಾಣ್ಯವಾಗುವಷ್ಟರಲ್ಲಿ ಮಂಡಿ ಕೈಕೊಟ್ಟಿತು. ಕುರಿ ಕೂಡಿಸುವ ದಿನವೂ ಬಂದೇಬಿಟ್ಟಿತು. ಬೆಟ್ಟವಿಡೀ ಓಡಲು ನಾಲ್ಕು ಕಾಲಿನ ಪ್ರಾಣಿ ಇರುವಾಗ ಎರಡು ಕಾಲಿನವನು ಯಾಕೆ ನಡೆಯಬೇಕು?

ಮಂಜು ಹರಿಯುವ ಹೊತ್ತಿಗೆ ಊರಿನವರೆಲ್ಲ ಸಾಲಾಗಿ ನಿಂತು ಕುರಿಗಳನ್ನು ಕೆಳಗಿನ ಕಲ್ಲಿನ ದೊಡ್ಡಿಯ ಕಡೆಗೆ ಅಟ್ಟತೊಡಗಿದ್ದರು. ಕುಂಟುತ್ತಿದ್ದ ಹಾನುಸ್ ಸಾಲಿನ ಕೊನೆಗೆ, ಮಾರ್ಯುನ್‌ಳ ಪಕ್ಕದಲ್ಲಿ. ಹಿಂಡು ದಾರಿ ಹಿಡಿದು ತೆಪ್ಪಗೆ ಇಳಿಯುತ್ತಿತ್ತು; ಹೀಗೆ ನೆಟ್ಟಗೆ ಇಳಿದುಬಿಟ್ಟರೆ ಉಳಿದ ಕಾಲು ನಾಣ್ಯ ಎಲ್ಲಿಂದ ಬರಬೇಕು? ಟೋಪಿ ತೆಗೆದು ಬೀಸಿ “ಹೋ ಹೋ ಹೋಯ್!” ಎಂದು ಅರಚಿದ. ಹಿಂಡು ಚೆಲ್ಲಾಪಿಲ್ಲಿಯಾಗಿ ಮತ್ತೆ ಬೆಟ್ಟ ಹತ್ತಿತು.

“ತಲೆ ಕೆಟ್ಟಿದ್ಯೇನೋ ನಿಂಗೆ! ಸುಮ್ನೆ ಬರ್ತಿದ್ದೋವನ್ನ ಯಾಕೆ ಬೆದರಿಸ್ತೀಯ?” ಎಂದಳು ಮಾರ್ಯುನ್.

“ವ್ಯಾಯಾಮ ಬೇಡ್ವಾ ಅವಕ್ಕೆ?” ಎಂದ ಹಾನುಸ್. ಅವಳ ಕಣ್ಣು ತಪ್ಪಿಸಿ ಇನ್ನೂ ಎರಡು ಸಲ ಬೆದರಿಸಿದ. ಊರಿನವರು ಬಾಯಿಗೆ ಬಂದಂತೆ ಬೈದರು. ಅವನಿಗೆ ಮಾತ್ರ ಒಳಗೊಳಗೇ ಹಬ್ಬ.

ಕುರಿಗಳೆಲ್ಲ ಏದುಸಿರು ಬಿಡುತ್ತಾ ದೊಡ್ಡಿ ಸೇರಿದ ಮೇಲೆ ಒಂದು ಕುರಿಯ ಕುತ್ತಿಗೆಯಿಂದ ‘ಠಣ್’ ಎಂದು ಸದ್ದು ಬಂತು. ಕಿವಿ ಕೊಯ್ದು ಒಡೆಯರ ಗುರುತು ಹಾಕುವ ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ, ಊರ ಕುರಿಗಳ ಲೆಕ್ಕ ನೋಡುವ ಮುದುಕ ತುಮ್ಮಾಸ್ ಅದರ ಕೊಂಬು ಹಿಡಿದು, ಉಣ್ಣೆ ತಡಕಿ, ಕಾಲುಚೀಲ ಎಳೆದ. ಹಾನುಸ್ ಮಂಡಿನೋವನ್ನೂ ಮರೆತು ಗೋಡೆ ಹಾರಿ ಬಂದು ಮೊಬೈಲು ಕಿತ್ತುಕೊಂಡ. ಪೂರ್ತಿ ಒಂದು ನಾಣ್ಯ! “ದುಡಿದೆ! ದುಡಿದೇಬಿಟ್ಟೆ!” ಎಂದು ಕುಣಿದ.

“ಯಾರು ದುಡಿದಿದ್ದು? ನೀನೋ, ಕುರಿಯೋ?” ಎಂದಳು ಮಾರ್ಯುನ್, ಸೊಂಟದ ಮೇಲೆ ಕೈಯಿಟ್ಟು.

“ನನ್ನ ಕುರಿ ದುಡಿದ್ರೆ ನಾನು ದುಡಿದ ಹಾಗೇ.”

“ಸ್ವಲ್ಪ ತಡಿಯಪ್ಪ” ಎಂದ ತುಮ್ಮಾಸ್. ಕುರಿಯ ಎರಡೂ ಕಿವಿಗಳನ್ನು ಬೆರಳಲ್ಲಿ ಸವರಿ ನೋಡಿದ. “ಎಡಕಿವಿ ತುದಿ ಕತ್ತರಿಸಿದೆ, ಬಲಕಿವೀಲಿ ಕಚ್ಚು. ಇದು ನಿಂದಲ್ಲ ಹಾನುಸ್, ಮಾರ್ಯುನ್‌ದು. ಉಣ್ಣೆ ಯಾರಿಗೆ ಸೇರುತ್ತೆ? ಕಿವಿ ಗುರುತಿನವರಿಗೆ. ಮರಿ? ಅದೂ ಅವರಿಗೇ. ಇನ್ನು ದುಡಿಮೆ ಬೇರೆಯವರಿಗೆ ಹೋಗುತ್ತಾ?”

ದೊಡ್ಡಿಯ ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾನುಸ್‌ಗೆ ಬೆಳಗಿನ ಮಂಜಿನ ಮೇಲೆ ಸಿಟ್ಟು ಬಂತು, ಯಾರು ಕೊಟ್ಟರೂ ರೊಟ್ಟಿ ತಿನ್ನುವ ಆ ಕುರಿಯ ಮೇಲೂ ಬಂತು. ಆಮೇಲೆ ಬರೀ ದುಃಖವಾಯಿತು. ಊರಿನ ರೂಢಿಗೆ ಎದುರಾಡುವುದುಂಟೇ? ಮೊಬೈಲನ್ನು ಮಾರ್ಯುನ್‌ಳ ಕೈಗಿಟ್ಟು, “ನಿಂದೇ ತಗೋ. ಸೋತೆ. ಇನ್ಮೇಲೆ ಆ ಮಾತು ಎತ್ತಲ್ಲ” ಎಂದ.

ಅವಳು ಪರದೆಯನ್ನು ದೂರ ಹಿಡಿದು ನೋಡಿದಳು. “ಇದಕ್ಕೆ ಏನು ಬರುತ್ತೆ?”

“ಕಾಫಿಗಂತೂ ಸಾಲಲ್ಲ. ಕಾಫಿಗೆ ಹಾಕೋ ಸಕ್ಕರೆ ಬರಬಹುದು.”

“ಇಷ್ಟಕ್ಕಾ ಬೆಳಿಗ್ಗೆಯಿಂದ ಊರೋರ ಕೈಲಿ ಬೈಸ್ಕೊಂಡೆ?”

“ಇಷ್ಟಕ್ಕಲ್ಲ” ಎಂದ ಹಾನುಸ್, ಟೋಪಿ ಹಿಸುಕುತ್ತಾ.

ಮಾರ್ಯುನ್ ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಂಡು, ಮುಂದೆ ಬಂದು, ಊರೆದುರಿಗೇ ಹಾನುಸ್‌ನ ಕಿವಿಯನ್ನು ಗಟ್ಟಿಯಾಗಿ ಹಿಡಿದಳು.

“ತುಮ್ಮಾಸ್, ಆ ಚಾಕು ಇಲ್ಲಿ ಕೊಡು. ಈ ಟಗರಿಗೆ ಇನ್ನೂ ಯಾರ ಗುರುತೂ ಬಿದ್ದಿಲ್ಲ.”