ಇನ್ನೂ ಆಗದ ಪಾಠ

ವಾರ್ಡಿನ ಗಾಜಿನ ಬಾಗಿಲಾಚೆ ತಾತನ ಎದೆ ತಿದಿಯಂತೆ ಏರಿಳಿಯುತ್ತಿತ್ತು. ಅಜ್ಜಿ ಮೊಮ್ಮಗಳ ಬಿಳಿ ಕೋಟಿನ ತೋಳು ಹಿಡಿದು ಕೇಳಿದಳು: "ನೀನು ಡಾಕ್ಟರ್ ಓದ್ತಿದೀಯಲ್ಲ ಪುಟ್ಟಿ, ಈ ಜ್ವರಕ್ಕೆ ಏನು ಔಷಧಿ, ಹೇಳು."

ಮೂರನೇ ವರ್ಷದಲ್ಲಿ ಓದುತ್ತಿದ್ದ ಅವಳಿಗೆ ಈ ಹೊಸ ಜ್ವರ ಬಾಯಿಪಾಠವಾಗಿತ್ತು. ಹೇಗೆ ಹರಡುತ್ತದೆ, ಎಷ್ಟನೇ ದಿನ ಉಸಿರು ಕಟ್ಟುತ್ತದೆ, ಎಲ್ಲವನ್ನೂ ಪರೀಕ್ಷೆಯಲ್ಲಿ ಬರೆದು, ಹೋದ ವಾರವಷ್ಟೇ ತರಗತಿಗೇ ಮೊದಲಿಗಳಾಗಿದ್ದಳು. ಔಷಧಿ ಇನ್ನೂ ಯಾರಿಗೂ ಸಿಕ್ಕಿಲ್ಲ ಎಂಬುದೂ ಗೊತ್ತಿತ್ತು.

"ಆ ಪಾಠ ಇನ್ನೂ ಆಗಿಲ್ಲ ಅಜ್ಜಿ."

"ಹಾಗಾದ್ರೆ ನಿಮ್ಮ ಮೇಷ್ಟ್ರನ್ನೇ ಕೇಳ್ಕೊಂಡು ಬಾ. ನಾನು ಇಲ್ಲೇ ಕೂತಿರ್ತೀನಿ," ಎಂದು ಅಜ್ಜಿ ಬೆಂಚಿನ ಮೇಲೆ ಕುಳಿತಳು.

ಮೊಮ್ಮಗಳು ಗಾಜಿನ ಮುಂದಿನಿಂದ ಕದಲಲಿಲ್ಲ. ತಾತನ ಪಕ್ಕದ ಹಾಸಿಗೆಯಲ್ಲಿ, ಮೂಗಿಗೆ ಆಕ್ಸಿಜನ್ ಹಾಕಿಸಿಕೊಂಡು ಕಣ್ಣು ಮುಚ್ಚಿ ಮಲಗಿದ್ದವರು ಅವಳ ಮೇಷ್ಟ್ರೇ.