ಕಾವಾ ಮನೆಯ ಕಿಟಕಿ

“ಮತ್ತೆ ಬಂದ್ಯಾ? ಯಾರಾದ್ರೂ ನೋಡಿದ್ರೆ ಏನಂತಾರೆ?” ಪಕ್ಕದ ಮನೆಯ ಸೇಲಾ ಪಿಸುಗುಟ್ಟಿದಳು.

ಲೆಸಿಯೇಲಿ ಕಿಟಕಿಯ ಸಂದಿಯಿಂದ ಕಣ್ಣು ಕೀಳಲಿಲ್ಲ. ಚರ್ಚಿನ ಹಿಂದಿನ ಕಾವಾ ಮನೆಯಲ್ಲಿ ಗಂಡಸರು ಚಾಪೆಯ ಮೇಲೆ ದುಂಡಗೆ ಕೂತಿದ್ದರು. ಸೆಮಿಸಿ ಗಿಟಾರ್ ಮೀಟುತ್ತ ಪ್ರೇಮದ ಹಾಡೊಂದನ್ನು ಎತ್ತಿಕೊಂಡಿದ್ದ. ವಾವಾವು ದ್ವೀಪದಲ್ಲೇ ಅಂಥ ಕಂಠ ಇನ್ನೊಂದಿರಲಿಲ್ಲ. ಉಳಿದವರ ದನಿ ಬಂದು ಬೆಸೆದುಕೊಂಡ ಗಳಿಗೆಯಲ್ಲಿ ಅವನು ಕಣ್ಣು ಮುಚ್ಚಿ, ಕದ್ದ ಬೆಲ್ಲ ಬಾಯಲ್ಲಿಟ್ಟುಕೊಂಡವನ ಹಾಗೆ ತನ್ನಷ್ಟಕ್ಕೆ ನಕ್ಕ. ಆ ನಗು ನೋಡಿದರೆ ಅವಳ ಹೊಟ್ಟೆ ತುಂಬುತ್ತಿತ್ತು.

ಆದರೆ ಕಿಟಕಿಗೆ ಸಿಗುತ್ತಿದ್ದುದು ಅರ್ಧ ಮುಖ. ಪೂರ್ತಿ ಮುಖ ವಿಕಾಳ ಪಾಲು. ಮರದ ಬೋಗುಣಿಯ ಹಿಂದೆ ಕೂತು, ಬೇರಿನ ಪುಡಿಯನ್ನು ನೀರಲ್ಲಿ ಕದಡಿದ ಕಾವಾ ಪಾನೀಯವನ್ನು ತೆಂಗಿನ ಚಿಪ್ಪಿಗೆ ತುಂಬಿ ಕೊಡುವ ಆ ಹುಡುಗಿ ಅವನ ಎದುರಿಗೇ ಇದ್ದಳು.

ಅವನ ಅಂಗಿ ಒಗೆಯುವವಳು ಲೆಸಿಯೇಲಿ. ಗಂಟಲು ಕಟ್ಟಿದಾಗ ನಿಂಬೆ ಎಲೆ ಕುದಿಸಿ ಬಾಗಿಲ ಬಳಿ ಇಟ್ಟು ಬರುವವಳೂ ಅವಳೇ. ಅಂಥವಳ ಎದುರು ಅವನು ಒಂದು ಸಾಲು ಹಾಡಿದವನಲ್ಲ. ಅವಳ ಹೆಜ್ಜೆ ಕೇಳಿದರೆ ಗುನುಗುವುದನ್ನೂ ನಿಲ್ಲಿಸುತ್ತಿದ್ದ. ನಿನ್ನೆ ಮೊನ್ನೆ ಬಂದವಳಿಗೆ ಹಬ್ಬದೂಟ, ತನಗೆ ಸಂದಿಯಲ್ಲಿ ಇಣುಕುವ ಭಾಗ್ಯ. ಹೊಟ್ಟೆಕಿಚ್ಚಿಗೆ ಅವಳ ಮೈಯೆಲ್ಲ ಉರಿಯಿತು.

ಒಳಗೆ ವಿಕಾ ಏನೋ ಅಂದಳು. ಸೆಮಿಸಿ ಹಾಡಿನ ನಡುವೆಯೇ ಗಟ್ಟಿಯಾಗಿ ನಕ್ಕ.

ತನಗಿಲ್ಲದ್ದು ಅವಳಿಗೂ ಬೇಡ. ಲೆಸಿಯೇಲಿ ಬಾಗಿಲತ್ತ ನಡೆದಳು.

“ಬೇಡ ಕಣೇ,” ಸೇಲಾ ತೋಳು ಹಿಡಿದಳು. “ಅವನ ಮರ್ಯಾದೆ ಏನಾಗುತ್ತೆ?”

“ಅವಳ ಮುಂದೆ ಹಲ್ಲು ಕಿರಿಯೋವಾಗ ಎಲ್ಲಿಗೆ ಹೋಗಿತ್ತು ಮರ್ಯಾದೆ?”

ತೋಳು ಕೊಡವಿಕೊಂಡು ಒಳಗೆ ಹೋದಳು. “ವಿಕಾ, ನಿಮ್ಮಮ್ಮ ಕರೀತಿದಾಳೆ, ಏಳು. ಚಿಪ್ಪು ನಾನು ತುಂಬ್ತೀನಿ.”

ಅದು ಹಸಿ ಸುಳ್ಳು. ವಿಕಾ ನಂಬಿ ಎದ್ದಳು.

ಹಾಡು ಅರ್ಧಕ್ಕೇ ನಿಂತಿತು. ಗಂಡಸರು ತಲೆ ತಗ್ಗಿಸಿ ಚಾಪೆ ನೋಡುತ್ತ ಕೂತರು. ಎಲ್ಲರಿಗಿಂತ ಹಿರಿಯ ಫೋಲೌ ಮೆಲ್ಲಗೆ ಹೇಳಿದ: “ನೀನಿಲ್ಲಿಗೆ ಬರಬಾರದಮ್ಮ. ಅವನಿದ್ದಾನೆ.”

“ಅವನಿದ್ದಾನೆ ಅಂತಲೇ ಬಂದೆ, ಅಜ್ಜ.”

ವಿಕಾಳ ಜಾಗದಲ್ಲಿ ಕೂತು ಬೋಗುಣಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಈಗ ಪೂರ್ತಿ ಮುಖ ಎದುರಿಗಿತ್ತು, ನಗು ಮಾತ್ರ ಇರಲಿಲ್ಲ. ಸೆಮಿಸಿ ಗಿಟಾರನ್ನು ಚಾಪೆಯ ಮೇಲಿಟ್ಟು, ಅವಳತ್ತ ನೋಡದೆ ಬಗ್ಗಿಕೊಂಡು ಹೊರಗೆ ನಡೆದ.

“ಗೊತ್ತಿದ್ದೂ ಹೀಗೆ ಮಾಡಿದ್ಯಲ್ಲ ತಾಯಿ,” ಫೋಲೌ ನಿಟ್ಟುಸಿರಿಟ್ಟ. “ನಮ್ಮಲ್ಲಿ ತಂಗಿ ಕಾವಾ ತುಂಬೋ ಕಡೆ ಯಾವ ಅಣ್ಣ ಕೂತು ಪ್ರೇಮದ ಹಾಡು ಹಾಡ್ತಾನೆ?”