ಗೀಟು ಹೊಡೆದ ನಡೆ

"ಸಮಾಧಿ ಹತ್ತಿರ ತೊಂಬತ್ತನೆಯ ಕೀರ್ತನೆ ಹಾಡೋಣ ಅಂತ ನಮ್ಮೆಜಮಾನರ ಚರ್ಚಿನ ಹಾಡಿನ ಪುಸ್ತಕ ತೆಗೆದೆ. ಇದು ಕಾಲ ಬುಡಕ್ಕೆ ಬಿತ್ತು," ಎನ್ನುತ್ತ ಎತೆಲ್ಕಾ ಹಳದಿಗಟ್ಟಿದ ಹಾಳೆಯೊಂದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟಳು. "ನನಗೆ ಚದುರಂಗ ಬರಲ್ಲ. ನೀವೇ ಓದಿ ಹೇಳಿ, ಗ್ರ್ಯಾಂಡ್‌ಮಾಸ್ಟರ್ ಸಾಹೇಬ್ರೇ."

ಕಾಲ್ಮಾನ್ ಕನ್ನಡಕ ಏರಿಸಿದ. ತೀರಿಹೋದ ಗೆಳೆಯ, ಅವಳ ಗಂಡ ಲೋರಿಂತ್ಸ್‌ನ ಅಕ್ಷರ. ನಲವತ್ತೆರಡು ವರ್ಷದ ಹಿಂದೆ, ಇದೇ ದೆಬ್ರೆತ್ಸೆನ್‌ನಲ್ಲಿ, ಪಂದ್ಯಾವಳಿಯ ಕೊನೆಯ ಸುತ್ತಿನಲ್ಲಿ ಅವರಿಬ್ಬರೇ ಎದುರುಬದುರು ಕೂತು ಆಡಿದ ಆಟದ ನಡೆಗಳು. ಗ್ರ್ಯಾಂಡ್‌ಮಾಸ್ಟರ್ ಪದವಿಗೆ ಅಂದು ಕಾಲ್ಮಾನ್ ಗೆಲ್ಲಲೇಬೇಕಿತ್ತು. ಗೆದ್ದ. ಆಮೇಲೆ ದೇಶದೇಶ ತಿರುಗಿದ, ಪದಕ ಹೊತ್ತು ತಂದ. ಲೋರಿಂತ್ಸ್ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರಾಗಿಯೇ ಉಳಿದ.

ಆಗೆಲ್ಲ ನಡೆಯನ್ನು ಮೊದಲು ಹಾಳೆಯಲ್ಲಿ ಬರೆದು, ಇನ್ನೊಮ್ಮೆ ಯೋಚಿಸಿ, ಆಮೇಲೆ ಕಾಯಿ ಮುಟ್ಟುವುದು ರೂಢಿ. ಮೂವತ್ತೊಂದನೆಯ ಸಾಲಿಗೆ ಬಂದು ಕಾಲ್ಮಾನ್‌ನ ಬೆರಳು ನಿಂತಿತು. ಲೋರಿಂತ್ಸ್ ಮೊದಲು ರಾಣಿಯ ನಡೆ ಬರೆದಿದ್ದ. ಅದಕ್ಕೆ ಗೀಟು ಹೊಡೆದು, ಪಕ್ಕದಲ್ಲಿ ಆನೆಯ ನಡೆ ಬರೆದಿದ್ದ. ಅಂದು ಆಡಿದ್ದು ಆನೆಯನ್ನೇ. ರಾಣಿಯನ್ನು ಸರಿಸಿದ್ದರೆ ಕಾಲ್ಮಾನ್‌ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆ ಅಪಾಯ ಅಂದೇ ಅವನ ಕಣ್ಣಿಗೆ ಬಿದ್ದಿತ್ತು. ಲೋರಿಂತ್ಸ್‌ಗೆ ಕಾಣಲಿಲ್ಲ ಎಂದೇ ಇಷ್ಟು ವರ್ಷ ನಂಬಿದ್ದ.

"ಏನಂತೆ?"

"ಗೆಲ್ಲೋ ನಡೆ ಅವನಿಗೆ ಕಂಡಿತ್ತು."

"ಕಂಡೂ ಬಿಟ್ಟರಾ? ನಿಮಗೋಸ್ಕರ?"

"ಹಾಗಲ್ಲ... ಹೆದರಿರಬೇಕು. ನನ್ನ ಕುದುರೆ ಅಡ್ಡ ಬರುತ್ತೆ ಅಂದ್ಕೊಂಡಿರಬೇಕು."

"ಬರ್ತಿತ್ತಾ?"

"ಇಲ್ಲ."

"ಊರ ಮಕ್ಕಳಿಗೆಲ್ಲ ಲೆಕ್ಕ ಕಲಿಸಿದ ಮನುಷ್ಯ ಅಷ್ಟು ದಡ್ಡರಾ?"

"ನಾನೂ ಎಷ್ಟೋ ಸಲ ಸರಿಯಾದದ್ದಕ್ಕೇ ಗೀಟು ಹೊಡೆದಿದ್ದೀನಿ, ಎತೆಲ್ಕಾ. ಆ ಹೊತ್ತಲ್ಲಿ ತಲೆ ಹೇಗೆ ಓಡುತ್ತೋ..."

"ಸುತ್ತಿ ಬಳಸಬೇಡಿ. ಇಷ್ಟು ವರ್ಷ ನಾನು ಸೋತವರ ಜೊತೆ ಸಂಸಾರ ಮಾಡಿದ್ನಾ, ಬಿಟ್ಟುಕೊಟ್ಟವರ ಜೊತೆನಾ? ಅದೊಂದು ಹೇಳಿ ಸಾಕು."

ಕಾಲ್ಮಾನ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಗೀಟು ನೆಟ್ಟಗಿತ್ತು, ಕೈ ನಡುಗಿರಲಿಲ್ಲ. ಆದರೆ ಹೆದರಿದವನ ಗೀಟೂ ನೆಟ್ಟಗಿರಬಹುದು. ಹಾಳೆ ತಿರುಗಿಸಿದ, ಹಿಂದೆ ಏನೂ ಇರಲಿಲ್ಲ. ತನ್ನ ಹೆಸರಿನ ಹಿಂದಿದ್ದ ಪದವಿ ತನ್ನದೋ, ಬೇರೆಯವರದೋ ಅವನಿಗೇ ತಿಳಿಯದಾಯಿತು.

"ಅವತ್ತು ಮನೆಗೆ ಬಂದು ಏನಂದ?" ಎಂದು ಕೊನೆಗೆ ಕೇಳಿದ.

"ಏನೂ ಅನ್ನಲಿಲ್ಲ," ಎತೆಲ್ಕಾ ನೆನಪಿಸಿಕೊಂಡಳು. "ಸೋತ ದಿನ ಅವರು ತಟ್ಟೆ ಮುಟ್ತಿರಲಿಲ್ಲ, ನಿಮಗೇ ಗೊತ್ತಲ್ಲ. ಅವತ್ತು ಕೋಳಿ ಮಾಡಿದ್ದೆ. ಎರಡು ಸಲ ಬಡಿಸ್ಕೊಂಡರು. ಗೆದ್ದು ಬಂದಿದ್ದಾರೆ ಅಂತಾನೇ ನಾನು ಅಂದ್ಕೊಂಡಿದ್ದೆ."